ಅತ್ತೆ ಕಡಲಲ್ಲಿ ಮಿಂದ ಬೆಳಿಗ್ಗೆ

ನಮ್ಮನೆಯವರಿಗೆ ಕಡಲಿನ ಹುಚ್ಚು ಹತ್ತಿದ್ದು ಫೋನಿನಲ್ಲಿ ಯಾರೋ ಹಾಕಿದ ವಿಡಿಯೋ ನೋಡಿ. ಹಾಸಿಗೆ, ಒಲೆ, ಕಕ್ಕಸು ಎಲ್ಲಾ ಒಳಗೇ ಇರುವ ವ್ಯಾನು. ಕಾಡಿನ ಅಂಚಿಗೆ ನಿಲ್ಲಿಸಿ ಬಾಗಿಲು ತೆಗೆದರೆ ಎದುರಿಗೇ ಸಮುದ್ರ. ಇವರು ತಾಳವಾಡಿಯಿಂದ ಕೋಸು ಹೇರಿಕೊಂಡು ದಿಂಬಂ ಘಟ್ಟದ ತಿರುವುಗಳಲ್ಲಿ ಲಾರಿ ಇಳಿಸುವ ಮನುಷ್ಯ. ವರ್ಷವೆಲ್ಲಾ ಹಿಡಿದ ಸ್ಟೇರಿಂಗನ್ನು ರಜೆಯಲ್ಲೂ ಹಿಡಿಯುತ್ತೇನೆ ಅಂದರೆ ನಾನೇನು ಹೇಳಲಿ? ನಾನು ಪಾಠ ಮಾಡುವ ಶಾಲೆಗೂ ರಜೆ ಇತ್ತು. ಅತ್ತೆ ಹುಟ್ಟಿದಂದಿನಿಂದ ಸಮುದ್ರ ಕಂಡವರಲ್ಲ. ಮೈಸೂರಿನಲ್ಲಿ ವ್ಯಾನು ಬಾಡಿಗೆಗೆ ಹಿಡಿದು ಮೂವರೂ ಹೊರಟೆವು.

"ಕಾಡು ಬುಟ್ಟು ಕಾಡಿಗೇ ಓಗಾದ್ಕೆ ಇಷ್ಟು ಸಡಗರವಾ?" ಎಂದರು ಅತ್ತೆ, ಘಟ್ಟ ಇಳಿಯುವಾಗ.

ಕಾರವಾರದಿಂದ ತೆಂಕಣಕ್ಕೆ ಕಡಲ ಅಂಚಿನಲ್ಲೇ ಬಂದೆವು. ಪಾಳು ಕೋಟೆ, ದೀಪಸ್ತಂಭ, ಹೊಳೆ ಬಂದು ಉಪ್ಪುನೀರಿಗೆ ಸೇರುವ ಅಳಿವೆ ಎಲ್ಲಾ ನೋಡಿದೆವು. ಒಂದೊಂದು ಕಡೆ ಗುಡ್ಡದ ಕಾಡು ನೇರ ಮರಳಿಗೇ ಇಳಿದುಬಿಟ್ಟಿರುತ್ತದೆ. ಸಂಜೆ ಅಂಥ ಕಡೆ ವ್ಯಾನು ನಿಲ್ಲಿಸಿದರೆ ಅತ್ತೆಗೆ ಒಂದೇ ಚಿಂತೆ. "ಬಾಗ್ಲಾಕ್ಲಾ, ಆನೆ ಬಂದಾತು!" ಇಲ್ಲಿ ಆನೆ ಇಲ್ಲ ಎಂದರೆ, ಆನೆ ಇಲ್ಲದ್ದು ಯಾವ ಸೀಮೆ ಕಾಡು ಎಂದು ಮಗನನ್ನೇ ಗದರುವರು. ನಗುತ್ತಿದ್ದೆವು.

ನಮ್ಮದು ಕೊರಳಲ್ಲಿ ಲಿಂಗ ಕಟ್ಟುವ ಮನೆತನ. ಚಿಕ್ಕಂದಿನಲ್ಲಿ ಗುರು ಕಟ್ಟಿದ ಲಿಂಗ ಮೈ ಬಿಟ್ಟು ಹೋಗುವಂತಿಲ್ಲ. ಬೆಳಿಗ್ಗೆ ಮಿಂದು, ಅದನ್ನು ಎಡ ಅಂಗೈಯಲ್ಲಿಟ್ಟು ಪೂಜೆ ಮಾಡಿದ ಮೇಲೇ ಅನ್ನ. ಸತ್ತಾಗ ಕೂತ ಹಾಗೇ ಮಣ್ಣು ಮಾಡುವಾಗಲೂ ಅದೇ ಲಿಂಗ ಅದೇ ಅಂಗೈಯಲ್ಲಿ. ನಾನು ಅರ್ಧಂಬರ್ಧ, ಶಾಲೆಗೆ ಹೊತ್ತಾದರೆ ಮುಟ್ಟಿ ಕಣ್ಣಿಗೊತ್ತಿಕೊಂಡು ಓಡುವವಳು. ಅತ್ತೆ ಹಾಗಲ್ಲ. ಲಿಂಗ ಇಲ್ಲದೆ ಉಂಡರೆ ಹೇಸಿಗೆ ಉಂಡಂತೆ ಎನ್ನುವವರು.

ಅವರು ಮನೆಯಲ್ಲಿ ಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿಟ್ಟು ಕಟ್ಟಿಕೊಳ್ಳುತ್ತಿದ್ದರು. ದಾರಿಯಲ್ಲಿ ಕಳ್ಳರ ಕಾಟ ಎಂದು ಆ ಕರಡಿಗೆಯನ್ನು ಊರಲ್ಲೇ ಬಿಟ್ಟು, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ದಾರಕ್ಕೆ ಕಟ್ಟಿಕೊಂಡು ಬಂದಿದ್ದರು. ವ್ಯಾನಿನಲ್ಲಿ ಕಕ್ಕಸು, ಬಚ್ಚಲು ಎರಡೂ ಒಂದೇ ಗೂಡು. "ಕಕ್ಸಲ್ಲಿ ನಿಂತು ಮೀಯನಾ? ಶಿವಶಿವಾ!" ಎಂದು ದಿನಾ ಮರದ ಮರೆಯಲ್ಲಿ ಬಕೆಟ್ ನೀರಿನಲ್ಲಿ ಮೀಯುತ್ತಿದ್ದರು. ಆ ಬೆಳಿಗ್ಗೆ ವ್ಯಾನಿನ ಟ್ಯಾಂಕಿನಲ್ಲಿ ನೀರು ಮುಗಿದಿತ್ತು. ಅಷ್ಟು ನೀರು ಕಣ್ಣೆದುರಿಗೇ ಇರುವಾಗ ಯೋಚನೆ ಯಾಕೆ ಎಂದು ನನ್ನ ಕೈ ಹಿಡಿದು ಕಡಲಿಗೆ ಇಳಿದರು.

ಒಂದೇ ಒಂದು ಅಲೆ ಇಬ್ಬರನ್ನೂ ಕೆಡವಿತು. ಎದ್ದು ಉಪ್ಪುನೀರು ಉಗಿದು ನಾನು ನಗುತ್ತಿದ್ದೆ. ಅತ್ತೆ ಕೊರಳು ತಡಕುತ್ತಿದ್ದರು.

ಇವರು ಓಡಿ ಬಂದರು. ಮೀನು ಹಿಡಿಯುವವರೂ ಇಳಿದು ಹುಡುಕಿದರು. ನೀರು ಇಳಿದ ಮೇಲೆ ಇನ್ನೊಂದು ಸಲ ಮರಳನ್ನೆಲ್ಲಾ ಕೆದಕಿದೆವು. ಕಡಲಿಗೆ ಬಿದ್ದದ್ದು ಎಲ್ಲಿ ಸಿಗುತ್ತದೆ?

ಅತ್ತೆ ವ್ಯಾನಿನಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದರು. ಅನ್ನ ಬೇಡ, ನೀರು ಬೇಡ, ಸಕ್ಕರೆ ಕಾಯಿಲೆಯ ಮಾತ್ರೆಯೂ ಬೇಡ. ಇವರು ಊರಿನ ಮಠಕ್ಕೆ ಫೋನು ಮಾಡಿದರು. ಕರೆದುಕೊಂಡು ಬನ್ನಿ, ಬೇರೆ ಲಿಂಗ ಕಟ್ಟೋಣ ಎಂದರು ಸ್ವಾಮಿಗಳು. ಅತ್ತೆ ಒಪ್ಪಲಿಲ್ಲ.

"ಒಂದು ಜೀವಕ್ಕೆ ಒಂದೇ ಲಿಂಗ ಕಲಾ. ಅದು ಓದ್ಮೇಲೆ ನಾನೂ ಓದಂಗೇಯ."

ಮಾರನೆಯ ದಿನ ಎಬ್ಬಿಸಿ ಕೂರಿಸಿದರೆ ಕುತ್ತಿಗೆ ನಿಲ್ಲಲಿಲ್ಲ. ಆಸ್ಪತ್ರೆ ಎಂದರೆ ವ್ಯಾನಿನ ಬಾಗಿಲು ಹಿಡಿದುಕೊಂಡರು. ಇವರು ಮೀನುಗಾರನೊಬ್ಬನ ಬೈಕು ಹತ್ತಿ ಹತ್ತಿರದ ದೇವಸ್ಥಾನದ ಬೀದಿಗೆ ಹೋಗಿ, ಹೆಚ್ಚುಕಮ್ಮಿ ಅದೇ ಗಾತ್ರದ ಕರಿಯ ಲಿಂಗ ತಂದರು. ನನ್ನ ಬಿಳಿ ಕರ್ಚೀಫು ಹರಿದು ಸುತ್ತಿ, ಉಪ್ಪುನೀರಿನಲ್ಲಿ ನೆನೆಸಿ, ಮರಳಲ್ಲಿ ಉಜ್ಜಿದರು. ನಾನು ತಡೆಯಲಿಲ್ಲ. ಇನ್ನೊಂದು ಸಲ ಆದರೂ ತಡೆಯುವುದಿಲ್ಲ.

"ಅವ್ವೋ, ಸಿಕ್ತು ಕಣವ್ವೋ!" ಎಂದು ಇವರು ಬಾಗಿಲಲ್ಲಿ ನಿಂತು ಅತ್ತುಬಿಟ್ಟರು. ಆ ಅಳುವಿನಲ್ಲಿ ನಟನೆ ಇರಲಿಲ್ಲ. ಅತ್ತೆ ಬಟ್ಟೆ ಬಿಚ್ಚಿ, ಅಂಗೈಯಲ್ಲಿಟ್ಟುಕೊಂಡು ತುಂಬ ಹೊತ್ತು ನೋಡಿದರು. ಆಮೇಲೆ ವಿಭೂತಿ ಕೇಳಿದರು. ಪೂಜೆ ಮಾಡಿ, ನಾನು ಕಲಸಿಕೊಟ್ಟ ಮೊಸರನ್ನ ಉಂಡರು. ಮಗ ನೋಡುತ್ತಿದ್ದ ಹಾಗೇ ತಟ್ಟೆ ಖಾಲಿ ಮಾಡಿದರು.

ಊರಿಗೆ ಬಂದ ಮೇಲೆ ಒಂದು ಮಧ್ಯಾಹ್ನ ಅವರೇಕಾಯಿ ಸುಲಿಯುತ್ತಾ, ಇವರು ಲಾರಿಯಲ್ಲಿ ಹೋಗಿದ್ದಾಗ, ಅತ್ತೆ ತಲೆ ಎತ್ತದೆ ಹೇಳಿದರು. "ಅದು ನಂದಲ್ಲ ಕಣವ್ವ. ಎಳೇ ಮಗೀಲಿಂದ ಇಡ್ಕಂಡಿದ್ದು, ಕಣ್ ಮುಚ್ಕಂಡ್ರೂ ಗೊತ್ತಾಯ್ತದೆ. ಅವನು ಅಳ್ತಾ ನಿಂತಿದ್ನಲ್ಲ, ಅದ್ಕೆ ಉಂಡೆ. ಸತ್ತಾಗ ಅದ್ನ ನನ್ ಕೈಲಿ ಮಡುಗ್ಬ್ಯಾಡಿ. ಬರಿಗೈಲೇ ಕಳ್ಸಿ. ಅವನ್ಗೆ ಮಾತ್ರ ಏಳ್ಬ್ಯಾಡ."

ಎಂಥ ಮುದುಕಿ! ಬರಿಗೈಯಲ್ಲಿ ಕಳಿಸುವುದು, ಮಗನಿಗೆ ಹೇಳದಿರುವುದು ಎರಡೂ ಒಟ್ಟಿಗೆ ಹೇಗಾಗುತ್ತದೆ ಎಂದು ನನಗೆ ಕೋಪ ಬಂತು. ಕೇಳಿದರೆ, ನೀನು ಓದಿದವಳು, ನೋಡ್ಕೊ ಎಂದರು. ಅಂದಿನಿಂದ ಅವರು ಉಣ್ಣುವಾಗ ನನಗೆ ನೋಡಲಾಗುತ್ತಿರಲಿಲ್ಲ.

ಮುಂದಿನ ಮಳೆಗಾಲದಲ್ಲಿ ಅತ್ತೆ ತೀರಿಹೋದರು. ಹೊಲದ ಅಂಚಿನ ಗುಂಡಿಯಲ್ಲಿ ಅವರನ್ನು ಕೂರಿಸಿದ್ದರು. ಹೆಂಗಸರೂ ಸುತ್ತ ನಿಂತಿದ್ದೆವು. ಕ್ರಿಯೆ ಮಾಡಿಸಲು ಬಂದ ಅಯ್ನೋರು ಲಿಂಗವನ್ನು ಬಿಚ್ಚಿ ಎಡಗೈಗೆ ಇಟ್ಟು ಬೆರಳು ಮಡಿಸುತ್ತಿದ್ದರು. ಇವರು ಬೊಗಸೆಯಲ್ಲಿ ಬಿಲ್ವಪತ್ರೆ ಹಿಡಿದು ನಿಂತಿದ್ದರು. ಸುಮ್ಮನಿದ್ದರೆ ಮುಗಿಯುತ್ತಿತ್ತು. ನನ್ನಿಂದ ಆಗಲಿಲ್ಲ.

"ಅದ ತಗೀರಿ ಅಯ್ನೋರೆ. ಅತ್ತೆ ಬ್ಯಾಡ ಅಂದವ್ರೆ."

ಜನ ನನ್ನನ್ನು ಹುಚ್ಚಿಯಂತೆ ನೋಡಿತು. ಇವರು ಮಾತ್ರ ಹಾಗೆ ನೋಡಲಿಲ್ಲ. ಪತ್ರೆ ಕೆಳಗಿಟ್ಟು ಗುಂಡಿಗೆ ಇಳಿದು, ಅವ್ವನ ಬೆರಳು ಒಂದೊಂದೇ ಬಿಡಿಸಿ, ತಾವು ತಂದದ್ದನ್ನು ತಾವೇ ತೆಗೆದುಕೊಂಡರು. ಅಲ್ಲೇ ನಿಂತು ನನ್ನ ಕಡೆ ಕತ್ತೆತ್ತಿದರು.

"ಗೊತ್ತಿದ್ದೂ ಉಂಡ್ಲಾ?"

"ಊಂ," ಎಂದೆ.