ಹಿಂದಿನ ಗೋಡೆಯ ದನಿ

ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಕೀರ್ತಿರಾಜನದೊಂದು ಸಣ್ಣ ಅಂಗಡಿ ಇದೆ. ಹಳೇಕೋಟೆಯವನು. ಮೊದಲು ಮದುವೆ, ನಾಮಕರಣಗಳಿಗೆ ಮೈಕ್‌ಸೆಟ್ ಹಾಕುತ್ತಿದ್ದ. ಆಮೇಲೆ ಆಂಪ್ಲಿಫೈಯರ್ ರಿಪೇರಿ ಕಲಿತ. ಈಗ ಏಳೆಂಟು ವರ್ಷದಿಂದ ಮನೆಗಳಲ್ಲಿ ಥಿಯೇಟರಿನಂಥ ಸೌಂಡ್ ಕೂರಿಸಿಕೊಡುತ್ತಾನೆ. ಮೈಕ್‌ಸೆಟ್ಟಿನ ಕಾಲದಲ್ಲಿ ಸ್ಪೀಕರ್ ಡಬ್ಬ ದೊಡ್ಡದಾದಷ್ಟೂ ಜನಕ್ಕೆ ಖುಷಿ. ಈಗಿನವರಿಗೆ ಸದ್ದು ಬೇಕು, ಡಬ್ಬ ಮಾತ್ರ ಕಾಣಬಾರದು. ಗೋಡೆಯೊಳಗೆ ಹುದುಗಿಸಿ ಮೇಲೆ ಬಣ್ಣ ಬಳಿದ ಮೇಲೆ ಅವನು ಪಟ್ಟ ಪಾಡು ಯಾರ ಕಣ್ಣಿಗೂ ಬೀಳುವುದಿಲ್ಲ. ಏನಾದರೂ ಕೆಟ್ಟರೆ ಮಾತ್ರ ಅವನ ಹೆಸರು ನೆನಪಾಗುತ್ತದೆ.

ಹೋದ ವರ್ಷ ಚನ್ನರಾಯಪಟ್ಟಣದ ರವೀಂದ್ರ ಅವನನ್ನು ಕರೆಸಿದ. ಬೀಜ ಗೊಬ್ಬರದ ಅಂಗಡಿ ಇಟ್ಟುಕೊಂಡು ಚೆನ್ನಾಗಿ ನಡೆಸುತ್ತಿದ್ದವನು, ಹೊಸ ಮನೆ ಕಟ್ಟಿಸುತ್ತಿದ್ದ. ಹಾಲ್‌ನಲ್ಲಿ ಒಂದೇ ಒಂದು ವೈರ್ ಕಂಡರೂ ತಾನು ಒಪ್ಪುವುದಿಲ್ಲ ಎಂದು ಅವನ ಹೆಂಡತಿ ಸಿಂಧು ಮೊದಲ ದಿನವೇ ಹೇಳಿಬಿಟ್ಟಳು. ಟಿವಿ ಇರುವ ಗೋಡೆಯಲ್ಲಿ ಮೂರು ಸ್ಪೀಕರ್, ಸೋಫಾದ ಹಿಂದಿನ ಗೋಡೆಯಲ್ಲಿ ಎರಡು ಎಂದು ತೀರ್ಮಾನವಾಯಿತು. ಪ್ಲಾಸ್ಟರಿಂಗಿಗೆ ಮೊದಲೇ ಕೀರ್ತಿರಾಜ ಗೋಡೆ ಕೊರೆದು ಪೈಪ್ ಕೂರಿಸಿ ವೈರ್ ಎಳೆದ. ವೈರ್ ಹೋದ ದಾರಿಯನ್ನೆಲ್ಲ ಹಾಳೆಯ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ, ಇಲ್ಲೆಲ್ಲೂ ಮೊಳೆ ಹೊಡೆಸಬೇಡಿ ಎಂದು ಹೇಳಿ ರವೀಂದ್ರನ ಕೈಗೆ ಕೊಟ್ಟ. ರವೀಂದ್ರ ಅದನ್ನು ಮಡಿಚಿ ಜೇಬಿಗಿಟ್ಟುಕೊಂಡ.

ಅಲ್ಲಿಂದ ಶುರುವಾಯಿತು. ಸೀಲಿಂಗ್ ಮಾಡಲು ಬಂದ ಪುಟ್ಟರಾಜು, ಅಡ್ಡ ಬಂತೆಂದು ಎರಡು ವೈರ್ ಕತ್ತರಿಸಿ, ಯಾರಿಗೂ ಹೇಳದೆ ಮೇಲೆ ಹಲಗೆ ಮುಚ್ಚಿದ. ಕೀರ್ತಿರಾಜ ಲೈಟಿನ ತೂತಿನಲ್ಲಿ ಮೊಣಕೈವರೆಗೆ ಕೈ ತೂರಿಸಿ, ಕಣ್ಣಿಗೆ ಸುಣ್ಣದ ಪುಡಿ ಉದುರಿಸಿಕೊಳ್ಳುತ್ತ, ಕತ್ತರಿಸಿದ ತುದಿಗಳನ್ನು ಹುಡುಕಿ ಜೋಡಿಸಿದ. ಆಮೇಲೆ ಪೇಂಟಿನವರು ಬಂದರು. ಸ್ಪೀಕರಿನ ಮುಚ್ಚಳದ ಜಾಲರಿಯನ್ನು ತೆಗೆದಿಟ್ಟು ತೆಳುವಾಗಿ ಬಣ್ಣ ಹೊಡೆಯಿರಿ ಎಂದು ಅವನು ಬೇಡಿಕೊಂಡಿದ್ದ. ಅವರು ಗೋಡೆಯ ಜೊತೆಗೇ ರೋಲರ್ ಎಳೆದುಬಿಟ್ಟರು. ಜಾಲರಿಯ ತೂತುಗಳೆಲ್ಲ ಮುಚ್ಚಿಹೋದವು. ಎರಡು ದಿನ ಒಂದು ದಬ್ಬಳ ಹಿಡಿದು ಕೂತು ಒಂದೊಂದೇ ತೂತು ಬಿಡಿಸಿದ. ಸಿಂಧು ಕಾಫಿ ತಂದುಕೊಟ್ಟು, ಇನ್ನೂ ಮುಗಿದಿಲ್ಲವಾ ಎಂದು ಕೇಳಿ ಹೋದಳು.

ಗೃಹಪ್ರವೇಶವಾದ ಮೂರನೇ ದಿನ ಎಲ್ಲ ಜೋಡಿಸಿ ಸ್ವಿಚ್ ಹಾಕಿದರೆ ಆಂಪ್ಲಿಫೈಯರ್ ಟಕ್ ಎಂದು ಆಫ್ ಆಯಿತು. ಮತ್ತೆ ಹಾಕಿದ, ಮತ್ತೆ ಟಕ್. ಒಂದೊಂದೇ ಸ್ಪೀಕರ್ ಬಿಚ್ಚಿ ನೋಡುತ್ತ ಬಂದಾಗ ತೊಂದರೆ ಹಿಂದಿನ ಗೋಡೆಯ ಬಲಗಡೆಯದು ಎಂದು ಗೊತ್ತಾಯಿತು. ತಿರುಗಿ ನೋಡಿದ. ಅದೇ ಜಾಗದಲ್ಲಿ, ಸ್ಪೀಕರಿನ ನೇರ ಮೇಲೆ, ರವೀಂದ್ರನ ತಂದೆ ರಾಮಣ್ಣನ ಫೋಟೋ ಗಂಧದ ಹಾರ ಹಾಕಿಕೊಂಡು ನೇತಾಡುತ್ತಿತ್ತು. ರಾಮಣ್ಣ ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಮೊಳೆ ಪೈಪನ್ನು ತೂರಿ ವೈರಿಗೆ ಚುಚ್ಚಿಕೊಂಡಿತ್ತು.

ಹಾಳೆ ಕೊಟ್ಟಿದ್ದೆನಲ್ಲ ಎಂದು ಕೇಳಿದ್ದಕ್ಕೆ, ಅಪ್ಪನ ಫೋಟೋ ಹಾಕಲು ಹಾಳೆ ನೋಡಬೇಕಾ ಎಂದು ರವೀಂದ್ರ ರೇಗಿದ. ಫೋಟೋ ಆ ಜಾಗ ಬಿಟ್ಟು ಹೋಗಕೂಡದು ಎಂದೂ ಹೇಳಿದ. ಕೀರ್ತಿರಾಜ ಹಲ್ಲು ಕಚ್ಚಿಕೊಂಡು ಮೊಳೆ ಕಿತ್ತ, ಪೈಪಿನಲ್ಲಿ ಹೊಸ ವೈರ್ ಎಳೆದ, ಒಂದು ಅಂಗುಲ ಪಕ್ಕಕ್ಕೆ ಮೊಳೆ ಹೊಡೆದು ಫೋಟೋ ಹಾಕಿದ. ಸಂಜೆಗೆ ಐದೂ ಸ್ಪೀಕರ್ ಮಾತಾಡಿದವು. ಸದ್ದು ಎಲ್ಲಿಂದ ಬರುತ್ತಿದೆ ಎಂದು ನೆಂಟರೆಲ್ಲ ಗೋಡೆ ತಡವಿ ನೋಡಿದರು. ಇಷ್ಟು ತಿಂಗಳಲ್ಲಿ ಅವನಿಗೆ ಸಿಕ್ಕ ಸಮಾಧಾನ ಅದೊಂದೇ ಗಳಿಗೆಯದು.

ಹದಿನೈದು ದಿನ ಕಳೆದು ರವೀಂದ್ರನ ತಾಯಿ ದೊಡ್ಡತಾಯಮ್ಮ ಫೋನ್ ಮಾಡಿದರು. ಮಗ ಸೊಸೆ ಇಬ್ಬರೂ ಅಂಗಡಿಗೆ ಹೋಗಿರುವ ಹೊತ್ತಿನಲ್ಲಿ ಬಾ ಎಂದರು. ಇನ್ನೇನು ಕೆಟ್ಟಿತೋ ಎಂದು ಗೊಣಗಿಕೊಂಡೇ ಹೋದ. ಅವರು ಅವನನ್ನು ಕೂರಿಸಿ, ತಾನು ಕೂರುವ ಜಾಗದ ಹಿಂದಿರುವ ಬಲಗಡೆಯ ಸ್ಪೀಕರನ್ನು ನಿಲ್ಲಿಸಿಬಿಡು ಎಂದರು.

ಯಾಕಮ್ಮಾ, ಸದ್ದು ಜಾಸ್ತಿಯಾಯಿತಾ ಎಂದು ಕೇಳಿದ. ಅದಲ್ಲ ಎಂದು ತಲೆಯಾಡಿಸಿ ಗಂಡನ ಫೋಟೋದ ಕಡೆ ಕೈ ತೋರಿಸಿದರು. ಆಮೇಲೆ ಹೇಳಿದರು:

“ಅವ್ರು ತ್ವಾಟದಿಂದ ಬರೋವಾಗ ಹಿತ್ಲ ಬಾಗ್ಲಲ್ಲೇ ಮಾತು ಸುರು ಮಾಡ್ಕೊಂಡು ಬರೋರು. ನನ್ ಬೆನ್ನಿಂದೆ. ಈಗ ಟಿವಿನಾಗೆ ಯಾವನೋ ಗಂಡ್ಸು ಮಾತಾಡ್ತಾನೆ, ನನ್ ಬೆನ್ನಿಂದೆ ಕೇಳ್ತದೆ. ತಿರುಗಿ ನೋಡ್ಬುಡ್ತೀನಿ ಕಣಪ್ಪಾ. ಗೊತ್ತಿದ್ರೂ ತಿರುಗ್ತೀನಿ. ನೋಡುದ್ರೆ ಬರೀ ಫೋಟೋ.”

ಫೋಟೋ ಬೇರೆ ಗೋಡೆಗೆ ಹಾಕೋಣವಾ ಎಂದು ಅವನು ಕೇಳಿದ. ಮಗ ಆಸೆಯಿಂದ ಹಾಕಿದ್ದಾನೆ, ತೆಗೆಸಿದರೆ ಯಾಕೆ ಅನ್ನುತ್ತಾನೆ, ಅವನ ಮುಂದೆ ಇದನ್ನೆಲ್ಲ ಹೇಳಿ ಅತ್ತರೆ ಅವನೂ ಅಳುತ್ತ ಕೂರುತ್ತಾನೆ, ಈಗ ತಾನೇ ಸುಧಾರಿಸಿಕೊಂಡಿದ್ದಾನೆ ಎಂದರು. “ಅವನ್ಗೆ ಏಳ್ಬ್ಯಾಡ,” ಎಂದು ಕೈ ಹಿಡಿದುಕೊಂಡರು.

ಕೀರ್ತಿರಾಜ ಆಂಪ್ಲಿಫೈಯರಿನ ಹಿಂದೆ ಬಗ್ಗಿ ಆ ವೈರ್ ಬಿಚ್ಚಿದ. ತಾನೇ ಎರಡು ಸಲ ಎಳೆದು ಜೋಡಿಸಿದ್ದು. ತುದಿಗೆ ಟೇಪ್ ಸುತ್ತಿ ಒಳಗೆ ತಳ್ಳಿದ. ಅವನಿಗೆ ಸಿಟ್ಟೇ ಬಂತು, ಆದರೆ ಯಾರ ಮೇಲೆ ಅಂತ ಗೊತ್ತಾಗಲಿಲ್ಲ.

ಬಲಗಡೆ ಸ್ಪೀಕರ್ ಸದ್ದು ಮಾಡುತ್ತಿಲ್ಲವೆಂದು ರವೀಂದ್ರನಿಗೆ ಎರಡೇ ದಿನದಲ್ಲಿ ತಿಳಿಯಿತು. ಫೋನಿನಲ್ಲಿ ಕೂಗಾಡಿದ. ಗೋಡೆಯೊಳಗೆ ಪೈಪೇ ಮುರಿದು ವೈರ್ ಕೆಟ್ಟುಹೋಗಿದೆ, ಸರಿ ಮಾಡಬೇಕಾದರೆ ಗೋಡೆ ಒಡೆಯಬೇಕು ಸಾ ಎಂದು ಕೀರ್ತಿರಾಜ ಸುಳ್ಳು ಹೇಳಿದ. ಹೊಸ ಗೋಡೆ ಒಡೆಯಲು ಸಿಂಧು ಬಿಡುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಕೆಲಸ ಬಾರದವನನ್ನು ನಂಬಿ ಕೆಟ್ಟೆ ಎಂದು ಹೇಳಿ ರವೀಂದ್ರ ಫೋನ್ ಇಟ್ಟ.

ಆ ಮಾತು ಊರಿಂದೂರಿಗೆ ಹೋಯಿತು. ಅರಕಲಗೂಡಿನ ಈಶ್ವರಯ್ಯ ತಮ್ಮ ಹೊಸ ಮನೆಗೆ ಇವನನ್ನೇ ಗೊತ್ತು ಮಾಡಿದ್ದರು. ಅವರು ಫೋನ್ ಮಾಡಿ, ಚನ್ನರಾಯಪಟ್ಟಣದಲ್ಲಿ ಒಂದು ಕಡೆ ಸೌಂಡೇ ಬರುವುದಿಲ್ಲವಂತಲ್ಲ ಎಂದು ಮೆತ್ತಗೆ ಕೇಳಿ, ಹಾಸನದವರಿಗೆ ಕೆಲಸ ಕೊಟ್ಟಿದ್ದೇವೆ ಎಂದು ಮುಗಿಸಿದರು.

ಹೆಂಡತಿ ರಂಜಿನಿಗೆ ಅವನು ಅದುವರೆಗೂ ಹೇಳಿರಲಿಲ್ಲ. ಅವತ್ತು ಎಲ್ಲ ಹೇಳಿದ. ಅವಳು ಕೇಳಿಸಿಕೊಂಡು, ಒಂದು ಮಾತು ರವೀಂದ್ರನಿಗೆ ಹೇಳಿದ್ದರೆ ಮುಗಿಯುತ್ತಿತ್ತಲ್ಲ, ಅಮ್ಮನ ವಿಷಯ ಅಂದರೆ ಅವನೂ ಸುಮ್ಮನಾಗುತ್ತಿದ್ದ ಎಂದಳು.

“ಆಯಮ್ಮ ಮಗನ್ಗೇ ಏಳ್ದಿರಾದ್ನ ನಂಗೆ ಏಳವ್ರೆ. ನಾನೆಂಗೆ ಏಳ್ಲಿ?” ಎಂದ ಕೀರ್ತಿರಾಜ.

“ಅಂಗಾದ್ರೆ ಸುಮ್ನಿರಿ, ಮುಖ ಊದಿಸ್ಕೊಂಡು ತಿರುಗ್ಬ್ಯಾಡಿ,” ಎಂದಳು ರಂಜಿನಿ.

ಅವನು ಸುಮ್ಮನಿದ್ದ. ಮುಖ ಮಾತ್ರ ಊದಿಕೊಂಡೇ ಇತ್ತು. ಅರಕಲಗೂಡಿಗೆಂದು ತರಿಸಿಟ್ಟಿದ್ದ ವೈರಿನ ಸುರುಳಿಯನ್ನು ಅಂಗಡಿಯ ಅಟ್ಟದ ಮೇಲಕ್ಕೆ ಎಸೆದ. ಅದು ಅಂಚಿಗೆ ತಾಗಿ ಕೆಳಗೆ ಬಿತ್ತು. ಎತ್ತಿ ಮತ್ತೆ ಎಸೆದ.