ಕನ್ನಡಿಗೆ ಹೊದಿಸಿದ ಪಂಚೆ

ಪಲ್ಲಾವರಂನಲ್ಲಿ ನನ್ನ ಸೋದರಮಾವನ ಮನೆಯ ಮಹಡಿಯಲ್ಲಿ ಇಸ್ರೇಲಿನ ಎಂಜಿನಿಯರೊಬ್ಬರು ಬಾಡಿಗೆಗಿದ್ದರು. ತಲೆಯ ಮೇಲೆ ಪುಟ್ಟ ಟೋಪಿ, ಸ್ವಂತ ಪಾತ್ರೆ, ಸ್ವಂತ ಅಡುಗೆ. ಕೆಳಗಿನಿಂದ ತಿಂಡಿ ಕಳಿಸಿದರೂ ಕೈಮುಗಿದು ಹಿಂದಿರುಗಿಸುತ್ತಿದ್ದರು. ಮಡಿಯಲ್ಲಿ ತನ್ನನ್ನು ಮೀರಿಸಿದ ಮೊದಲ ಬಾಡಿಗೆದಾರ ಎಂದು ಮಾವನಿಗೆ ಅಭಿಮಾನ. ಕರಾರು ಆ ತಿಂಗಳು ಮುಗಿಯುವುದಿತ್ತು. ಅವರು ಬಿಟ್ಟುಹೋಗಬಾರದು ಎಂಬುದೊಂದೇ ಮಾವನ ಚಿಂತೆ.

ಆಗಲೇ ವಾಕಿಂಗ್ ಗೆಳೆಯರೊಬ್ಬರು, ಯಹೂದಿ ಗಂಡಸರು ಕನ್ನಡಿ ನೋಡುವುದು ಶಾಸ್ತ್ರಕ್ಕೆ ವಿರುದ್ಧ ಎಂದುಬಿಟ್ಟರು. ಮಹಡಿಯ ಬಚ್ಚಲಲ್ಲಿ ಒಂದು ಕನ್ನಡಿ, ಬೀರುವಿನ ಬಾಗಿಲಿಗೆ ಆಳೆತ್ತರದ ಇನ್ನೊಂದು. ಪತ್ರಿಕೆಯಲ್ಲಿರುವವನೆಂದು ಮಾವ ನನ್ನನ್ನು ವಿಚಾರಿಸಿದರು. ಅವರನ್ನೇ ಕೇಳಿಬಿಡಿ ಎಂದೆ.

“ಅವರ ಆಚಾರ ಅವರನ್ನೇ ಕೇಳೋದಾ? ಅಸಿಂಗ, ನಾಚಿಕೆಗೇಡು ಆಗತ್ತೆ ಕಣೋ, ಏನಂದ್ಕೋತಾರೆ?”

ಕೇಳದೆ ಒಳಹೋಗುವುದರಲ್ಲಿ ಮಾವನಿಗೆ ಅಂಥ ಸಂಕೋಚವಿರಲಿಲ್ಲ. ಮರುದಿನ ಬಾಡಿಗೆದಾರರು ಕೆಲಸಕ್ಕೆ ಹೋದ ಮೇಲೆ, ತಮ್ಮಲ್ಲಿದ್ದ ಇನ್ನೊಂದು ಕೀಲಿಕೈಯಿಂದ ಬಾಗಿಲು ತೆಗೆದು, ಎರಡೂ ಕನ್ನಡಿಗಳಿಗೆ ಇಸ್ತ್ರಿ ಮಾಡಿದ ಬಿಳಿ ಪಂಚೆ ಹೊದಿಸಿ ಬಂದರು.

ಸಂಜೆ ನಾನೂ ಅಲ್ಲಿದ್ದಾಗ ಎಂಜಿನಿಯರ್ ಕೆಳಗೆ ಬಂದು, ತಂದಿದ್ದ ಹಣ್ಣುಗಳನ್ನು ಮೇಜಿನ ಮೇಲಿಟ್ಟು, ಮಾವನ ಎದುರು ತಲೆ ತಗ್ಗಿಸಿ ಕೂತರು. ಮಾತಿಲ್ಲ. ಮಾವ ಕೃತಜ್ಞತೆಯ ಮಾತಿಗೆ ಕಾದರು. ಅವರೂ ಏನಕ್ಕೋ ಕಾದಂತಿತ್ತು. ಕೊನೆಗೆ ಅತ್ತೆ ತಾಳಲಾರದೆ ಏನು ವಿಷಯ ಎಂದು ಕೇಳಿದರು. ಅವರು ಮೆಲ್ಲಗೆ, ಮನೆಯಲ್ಲಿ ತೀರಿಕೊಂಡವರು ಯಾರು ಎಂದರು.

ಅವರಲ್ಲಿ ಕನ್ನಡಿ ಮುಚ್ಚುವುದು ಸಾವಿನ ಮನೆಯಲ್ಲಿ. ದುಃಖದಲ್ಲಿರುವವರು ಬಾಯಿ ತೆರೆಯುವವರೆಗೆ ಬಂದವರು ಮಾತಾಡುವ ಹಾಗಿಲ್ಲ.

“ಯಾರೂ ಹೋಗಿಲ್ಲಪ್ಪಾ, ಎಲ್ಲಾ ಇಲ್ಲೇ ಇದೀವಿ,” ಎಂದ ಅತ್ತೆ, ಗಂಡನ ಕಡೆ ತಿರುಗಿದರು. “ದೀಪ ಹಚ್ಚೋ ಹೊತ್ತಲ್ಲಿ ಮನೆಗೆ ಸಾವು ಕರಕೊಂಡು ಬಂದ್ರಲ್ಲ, ತೃಪ್ತಿಯಾ?”

ಮಾವ ತಡವರಿಸುತ್ತ ಶಾಸ್ತ್ರದ ವಿಷಯ ಹೇಳಿದರು. ಎಂಜಿನಿಯರ್ ನಗಲಿಲ್ಲ. ನಿಯಮ ಇರುವುದು ನಿಜ ಎಂದು ಒಪ್ಪಿದರು. ಕನ್ನಡಿ ನೋಡುವುದು ಹೆಂಗಸರ ರೂಢಿ, ಗಂಡಸು ಅದನ್ನು ಅನುಕರಿಸಬಾರದು ಎಂಬುದು ಹಳೆಯ ಮಾತು. ಆಗಲೂ ಸರ್ಕಾರಕ್ಕೆ ಹತ್ತಿರವಿದ್ದ ಒಂದು ಮನೆತನಕ್ಕೆ ರಿಯಾಯಿತಿ ಇತ್ತಂತೆ. ಇಷ್ಟನ್ನು ಕೇಳಿದಾಗ ಮಾವನಿಗೆ ಆ ಧರ್ಮ ಸಲೀಸಾಗಿ ಅರ್ಥವಾಯಿತು. ಆದರೆ ಗಂಡಸರೂ ಕನ್ನಡಿ ನೋಡುವ ಊರಿನಲ್ಲಿ ನಿಷೇಧವಿಲ್ಲ ಎಂದು ಎಂಜಿನಿಯರ್ ಸೇರಿಸಿದರು. ಆಮೇಲೆ, ಈ ಊರಿನ ರೂಢಿ ಹೇಗೆ ಎಂದು ಅತ್ತೆಯನ್ನು ಕೇಳಿದರು.

“ಈ ಊರಿನದು ಗೊತ್ತಿಲ್ಲಪ್ಪಾ, ಈ ಮನೇದು ಹೇಳ್ತೀನಿ. ಗೋಪಿಚಂದನದ ಮುದ್ರೆ ಹಚ್ಕೋತೀನಿ ಅಂತ ಇವರು ಕನ್ನಡಿ ಮುಂದೆ ನಿಂತ್ರೆ, ನನ್ನ ಅಡಿಗೆ ಮುಗಿದಿರತ್ತೆ. ಅಷ್ಟಾದ್ಮೇಲೂ ಮೀಸೆ ಬಾಕಿ ಇರತ್ತೆ.”

ಸಾಕ್ಷ್ಯ ಸಾಕು ಎಂದು ಎಂಜಿನಿಯರ್ ಈಗ ನಕ್ಕರು. ಇನ್ನೂ ಒಂದು ವರ್ಷ ಇರುತ್ತೇನೆ, ಬೀಗ ಮಾತ್ರ ನಾನೇ ಹೊಸದು ಹಾಕಿಸುತ್ತೇನೆ ಎಂದರು. ಮಾವ ಒಪ್ಪಿದರು.

ಅವರು ಮೇಲೆ ಹೋದ ನಂತರವೂ ಬೇಕಾದದ್ದು ಸಿಕ್ಕ ಖುಷಿ ಮಾವನ ಮುಖದಲ್ಲಿ ಕಾಣಲಿಲ್ಲ.

“ನೋಡಿದ್ಯಾ,” ಎಂದರು ಕೊನೆಗೆ ನನಗೆ, “ಅವರಲ್ಲೂ ಅಡ್ಜಸ್ಟ್‌ಮೆಂಟೇ.”