ತೋಳು ತೋರಿಸಿದವರಿಗೆ ಕೋಡುಬಳೆ

ನವರಾತ್ರಿಯಲ್ಲಿ ಚಾಮರಾಜಪೇಟೆಯ ನಮ್ಮ ಶಾರದತ್ತೆಯ ಮನೆಗೆ ಬೊಂಬೆ ನೋಡಲು ಬರುವ ಮಕ್ಕಳು ಬಾಗಿಲಲ್ಲೇ ಎಡತೋಳಿನ ಅಂಗಿ ಮಡಚಿಕೊಳ್ಳುತ್ತಿದ್ದರು. ಬೇರೆ ಮನೆಗಳಲ್ಲಿ ಒಂದು ಹಾಡು ಹೇಳಿದರೆ ಬೊಂಬೆ ಬಾಗಿನ ಸಿಗುತ್ತಿತ್ತು. ಅತ್ತೆಗೆ ಹಾಡು ಬೇಡ, ಚುಚ್ಚುಮದ್ದಿನ ಕಲೆ ಬೇಕು. "ತೋಳು ತೋರ್ಸು... ಹ್ಞಾಂ. ದಡಾರದ್ದು ಹಾಕ್ಸಿದೀರೇನಮ್ಮಾ?" ಎಂದು ಹಿಂದೆ ನಿಂತ ತಾಯಂದಿರನ್ನೂ ವಿಚಾರಿಸಿದ ಮೇಲೆಯೇ ಕೋಡುಬಳೆ. ಅದರ ರುಚಿ ಬಲ್ಲವರು ಯಾರೂ ಜಗಳಕ್ಕೆ ನಿಲ್ಲುತ್ತಿರಲಿಲ್ಲ.

ನಿಂತವನು ಮಹಡಿಯ ಬಾಡಿಗೆದಾರ ಗಿರೀಶ. ಮೊಬೈಲಿನಲ್ಲಿ ಏನೇನೋ ವಿಡಿಯೋ ನೋಡಿ, ಮಗಳು ಚಿನ್ಮಯಿಗೆ ದಡಾರದ ಲಸಿಕೆಯೇ ಬೇಡವೆಂದು ಕೂತಿದ್ದ ಮಹಾನುಭಾವ. ಅತ್ತೆ ಮಗುವನ್ನು ಬರಿಗೈಯಲ್ಲಿ ಕಳಿಸಿದರು. ಅದು ಮೆಟ್ಟಿಲ ಮೇಲೆ ಕೂತು ಬೀದಿಗೆಲ್ಲ ಕೇಳುವಂತೆ ಅತ್ತಿತು.

ಗಿರೀಶ ಧಡಧಡ ಇಳಿದು ಬಂದ. "ಹಾಕಿಸ್ಲೇಬೇಕು ಅಂತ ಯಾವ ಕಾನೂನಿದೆ ಆಂಟಿ?"

"ದೇಶದಲ್ಲಿ ಬಂದಾಗ ಬರ್ಲಿ. ನಮ್ಮ ಹಜಾರದಲ್ಲಿ ಬಂದಾಗಿದೆ."

"ಹಬ್ಬದ ದಿನ ಮಗೂನ ಅಳಿಸ್ತೀರಲ್ಲ, ನಿಮಗೆ ಕರುಣೆ ಇಲ್ವಾ?"

ಅತ್ತೆ ಬೊಂಬೆಗಳತ್ತ ತಿರುಗಿದರು. ಕೆಳಗಿನ ಸಾಲಿನಿಂದ ಬಣ್ಣ ಹೋದ ಪುಟ್ಟ ಮರದ ಬೊಂಬೆಯನ್ನು ತೆಗೆದು ಅವನ ಕೈಗಿಟ್ಟರು. "ಇದು ನನ್ನ ತಂಗಿದು ಕಣಪ್ಪ. ದಡಾರದಲ್ಲಿ ಹೋಗ್ಬಿಟ್ಳು. ಆಗ ನಮಗೆ ಸೂಜಿ ಸಿಗ್ಲಿಲ್ಲ. ನಿನಗೆ ಸಿಗತ್ತಲ್ಲೋ, ದಡ್ಡ!"

ಗಿರೀಶ ಬೊಂಬೆಯನ್ನು ಅದರ ಸಾಲಿನಲ್ಲೇ ಇಟ್ಟು ಮೇಲೆ ಹೋದ. ವಿಜಯದಶಮಿ ಕಳೆದ ಮೇಲೆ ಚಿನ್ಮಯಿ ತೋಳಿಗೆ ಹತ್ತಿ ಒತ್ತಿಕೊಂಡು, ಯುದ್ಧ ಗೆದ್ದವಳಂತೆ ಇಳಿದು ಬಂದಳು. ಅತ್ತೆ ಅವಳಿಗೆಂದೇ ಎತ್ತಿಟ್ಟಿದ್ದ ಡಬ್ಬಿಯನ್ನು ಅಟ್ಟದಿಂದ ಇಳಿಸಿದರು. ಮಗು ಕೈ ಚಾಚಲಿಲ್ಲ.

"ಅಜ್ಜಿ, ನಿಮ್ದು ತೋರ್ಸಿ."

ಅಯ್ಯೋ ರಾಮ! ಸೂಜಿ ಕಂಡರೆ ಅತ್ತೆಗೆ ಜೀವವೇ ಬಾಯಿಗೆ ಬರುತ್ತಿತ್ತು. ಫ್ಲೂ ಲಸಿಕೆ ಹಾಕಿಸಿಕೊಳ್ಳಿ ಎಂದು ಡಾಕ್ಟರು ಬಡಿದುಕೊಂಡರೂ ಇವತ್ತು ಏಕಾದಶಿ, ನಾಳೆ ರಾಹುಕಾಲ ಎಂದು ತಳ್ಳುತ್ತಿದ್ದರು. ನಾನು ಚಾಡಿ ಹೇಳಿಯೇಬಿಟ್ಟೆ. "ಹಾಗಾದ್ರೆ ನಿಮ್ಗೂ ಕೋಡುಬಳೆ ಇಲ್ಲ" ಎಂದು ಚಿನ್ಮಯಿ ಡಬ್ಬಿ ಕಿತ್ತುಕೊಂಡು ಓಡಿದಳು. ಮರುದಿನ ಅತ್ತೆ ನನ್ನ ಕೈಯನ್ನು ಉಗುರು ಊರುವಂತೆ ಹಿಡಿದುಕೊಂಡು, ನರ್ಸಮ್ಮನಿಗೆ ಬೈದುಕೊಂಡೇ ಚುಚ್ಚಿಸಿಕೊಂಡರು.

ಅತ್ತೆಯ ವರ್ಷದ ತಿಥಿ ಮುಗಿಯಿತು. ಈ ನವರಾತ್ರಿಗೆ ಅದೇ ಹಜಾರದಲ್ಲಿ ನಾನು ಬೊಂಬೆ ಕೂರಿಸಿದೆ. ಮಕ್ಕಳು ಅಭ್ಯಾಸಬಲದಿಂದ ತೋಳು ಮಡಚಿಕೊಂಡೇ ಬಂದವು. "ಇರ್ಲಿ ಬಿಡ್ರೋ, ತಗೊಳ್ಳಿ" ಎಂದು ತಟ್ಟೆ ಚಾಚಿದೆ.

ಉದ್ದಕ್ಕೆ ಬೆಳೆದಿದ್ದ ಚಿನ್ಮಯಿ ಅಡ್ಡ ಬಂದಳು. "ಹಾಗೆಲ್ಲ ಕೊಡಂಗಿಲ್ಲ ಆಂಟಿ, ನೋಡಿ ಕೊಡ್ಬೇಕು. ಮೊದ್ಲು ನಿಮ್ದು ತೋರ್ಸಿ."

ನಾನು ತಟ್ಟೆ ಕೆಳಗಿಟ್ಟು, ಕಣ್ಣೊರೆಸಿಕೊಂಡು, ರವಿಕೆಯ ತೋಳು ಮೇಲೆತ್ತಿದೆ.